ನಲ್ಲನ ಹೆಸರು: ಕನ್ನಡ ಕವಯಿತ್ರಿಯರ ಒಲವು ಮತ್ತು ವಿವಾಹ ಸಮ್ಮತಿಯ ಮಾತು

ನಮ್ಮ ಗುರುಮಠಗಳಲ್ಲಿ ಸ್ತ್ರೀಯರು ರಚಿಸಿದ ಪ್ರೇಮಕಾವ್ಯಕ್ಕೆ ಪ್ರವೇಶವಿರುವುದು ಒಂದೇ ಬಾಗಿಲಿನಿಂದ. ಅನುಭಾವದ ಪಾಠ ನಡೆಯುವಾಗ ಅಕ್ಕಮಹಾದೇವಿಯನ್ನು ಕರೆತಂದು ಆವಿಲಾದ ಸಂತ ತೆರೇಸಾರ ಪಕ್ಕದಲ್ಲಿ ಕುಳ್ಳಿರಿಸುತ್ತೇವೆ. ಇಬ್ಬರೂ ದೇವರನ್ನು ವರನೆಂದು ಕರೆದರು ಎನ್ನುತ್ತೇವೆ. ಪರಮಗೀತೆಯನ್ನು ಕ್ರಿಸ್ತ ಮತ್ತು ಧರ್ಮಸಭೆಯ ಸಂಬಂಧಕ್ಕೆ ಅನ್ವಯಿಸಿ ಪಾಠ ಮುಗಿಸುತ್ತೇವೆ. ಇದರಲ್ಲಿ ಅಸತ್ಯವೇನೂ ಇಲ್ಲ. ಆದರೆ ಹೀಗೆ ಓದುವಾಗ ಕವಯಿತ್ರಿಯರೆಲ್ಲ ಒಂದೇ ಮಾತನ್ನು ಒಂದೇ ಸ್ವರದಲ್ಲಿ ಆಡಿದಂತೆ ಕೇಳಿಸುತ್ತದೆ. ಗಂಡುಹೆಣ್ಣಿನ ಒಲವನ್ನು ಕುರಿತು ಅವರು ಏನು ಹೇಳಿದರು, ಏನನ್ನು ಹೇಳದೆ ಉಳಿಸಿದರು ಎಂಬುದು ವಿವಾಹ ಸಂಸ್ಕಾರದ ಪಾಠಕ್ಕೆ ಬರುವುದೇ ಇಲ್ಲ. ಅವರನ್ನು ಹೋಲಿಸಿ ನೋಡಲು ಈ ಲೇಖನದಲ್ಲಿ ನಾನು ಆರಿಸಿಕೊಂಡಿರುವುದು ಒಂದು ಚಿಕ್ಕ ವಿಷಯ: ಒಲಿದವನ ಹೆಸರು. ಕವಯಿತ್ರಿ ಅವನನ್ನು ಹೆಸರಿಸುತ್ತಾಳೆಯೇ? ಹೆಸರಿಸಿದರೆ ಯಾವ ಹೆಸರಿನಿಂದ?

ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ದುರದುಂಡೀಶ್ವರ ಮಠದ ಊರು. ಸಂಕೇಶ್ವರಕ್ಕೆ ಸಮೀಪ, ಮಹಾರಾಷ್ಟ್ರದ ಗಡಿಗೂ ದೂರವಲ್ಲ. ಇಲ್ಲಿಂದ ಗೋಕಾಕ, ಮೂಡಲಗಿಯವರೆಗಿನ ಹಳ್ಳಿಗಳಲ್ಲಿ ಗರತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ನಮ್ಮ ಮನೆಯವರು’, ‘ಯಜಮಾನರು’, ಮಕ್ಕಳಾದ ಮೇಲೆ ‘ಇಂಥವನ ಅಪ್ಪ’ ಎಂದರೆ ಸಾಕು. ಆದರೆ ಹೆಸರು ಹೇಳಲೇಬೇಕಾದ ಗಳಿಗೆಗಳೂ ಇವೆ. ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲು ಅಡ್ಡಗಟ್ಟಿ, ಹೆಸರು ಹೇಳದ ಹೊರತು ಒಳಗೆ ಬಿಡೆವು ಎನ್ನುತ್ತಾರೆ. ಆಗ ಅವಳು ಒಡಪು ಹಾಕುತ್ತಾಳೆ. ಪ್ರಾಸವುಳ್ಳ ಎರಡು ಸಾಲು: ಮೊದಲು ಬೆಳ್ಳಿಯ ತಟ್ಟೆಯೋ, ತುಳಸಿಕಟ್ಟೆಯೋ, ಹುಣ್ಣಿಮೆಯ ಚಂದ್ರನೋ ಬರುತ್ತದೆ, ಸಾಲಿನ ಕೊನೆಗೆ, ನಗೆಯ ನಡುವೆ, ಗಂಡನ ಹೆಸರು ಬಂದು ಹೋಗುತ್ತದೆ. ಗಡಿಯಾಚೆಯ ಮರಾಠಿಯಲ್ಲಿ ಇದಕ್ಕೆ ಉಖಾಣೆ ಎನ್ನುತ್ತಾರೆ. ಸೀಮಂತದಲ್ಲಿ, ಅರಿಸಿನ ಕುಂಕುಮದ ಹೊತ್ತಿನಲ್ಲಿ ಇದು ಮರುಕಳಿಸುತ್ತದೆ. ಸಾಹಿತ್ಯ ಚರಿತ್ರೆಕಾರರು ಒಡಪನ್ನು ಕಾವ್ಯವೆಂದು ಎಣಿಸಿದ್ದು ಕಡಿಮೆ. ನನ್ನ ಮಟ್ಟಿಗೆ ಅದು ಈ ನಾಡಿನ ಹೆಣ್ಣುಮಕ್ಕಳು ಈಗಲೂ ಕಟ್ಟುತ್ತಿರುವ ಪ್ರೇಮಕಾವ್ಯ. ಬಹುಶಃ ಅತ್ಯಂತ ಚಿಕ್ಕದು, ಅತ್ಯಂತ ಜಾಣತನದ್ದು. ಹೆಸರನ್ನು ಮುಚ್ಚಿಡಬೇಕೆಂಬ ಕಟ್ಟಳೆ, ಹೆಸರನ್ನು ಕೇಳಬೇಕೆಂಬ ಊರಿನ ಆಸೆ, ಇವೆರಡರ ನಡುವೆ ತನಗೆ ಬೇಕಾದಷ್ಟು ಹೊತ್ತು ಆಟವಾಡುವ ಸ್ವಾತಂತ್ರ್ಯವನ್ನು ಅವಳು ಅಲ್ಲಿ ಗಳಿಸಿಕೊಳ್ಳುತ್ತಾಳೆ.

ಈ ಹೊಸ್ತಿಲಿನಿಂದ ಹಿಂತಿರುಗಿ 12ನೆಯ ಶತಮಾನದ ಶರಣೆಯರನ್ನು ನೋಡಿದರೆ ಅಕ್ಕನ ಧೈರ್ಯದ ಪ್ರಮಾಣ ತಿಳಿಯುತ್ತದೆ. ಉಡುತಡಿಯ ಮಹಾದೇವಿ ತನ್ನ ನಲ್ಲನ ಹೆಸರನ್ನು ಮುಚ್ಚಿಡುವುದಿಲ್ಲ. ಪ್ರತಿ ವಚನದ ಅಂಕಿತವಾಗಿ ಚೆನ್ನಮಲ್ಲಿಕಾರ್ಜುನನನ್ನು ಕರೆಯುತ್ತಾಳೆ. ಹಕ್ಕಿಗಳನ್ನೂ ದುಂಬಿಗಳನ್ನೂ ನಿಲ್ಲಿಸಿ ಅವನನ್ನು ಕಂಡಿರಾ ಎಂದು ವಿಚಾರಿಸುವಾಗಲೂ ಆ ಹೆಸರೇ ಅವಳ ಗುರುತಿನ ಚೀಟಿ. ಇದಕ್ಕೆ ಎದುರಾಗಿ, ಮರಣಕ್ಕೆ ಈಡಾಗುವ ಲೌಕಿಕ ಪತಿಗಳನ್ನು ಅಡುಗೆಯ ಬೆಂಕಿಗೆ ನೂಕಲು ಅವಳು ಸಿದ್ಧಳಾಗುವ ಪ್ರಸಿದ್ಧ ವಚನದಲ್ಲಿ ಆ ಗಂಡಂದಿರು ಹೆಸರಿಲ್ಲದ ಬಹುವಚನ ಮಾತ್ರ. ಕೌಶಿಕನೊಂದಿಗೆ ಅವಳ ವಿವಾಹವಾಯಿತೇ ಇಲ್ಲವೇ ಎಂಬುದರಲ್ಲಿ ಹರಿಹರನ ರಗಳೆಗೂ ಮುಂದಿನ ವೀರಶೈವ ಕಾವ್ಯಗಳಿಗೂ ಒಮ್ಮತವಿಲ್ಲ. ಆ ವಾದವನ್ನು ಇಲ್ಲಿ ಬಿಡೋಣ. ಮದುವೆಯಾದ ಹೆಣ್ಣು ಗಂಡನ ಹೆಸರೆತ್ತಬಾರದೆಂಬ ಸಮಾಜದಲ್ಲಿ ಅಕ್ಕ ಆ ಕಟ್ಟಳೆಯನ್ನು ಎರಡು ಕಡೆಯಿಂದ ಮುರಿದಳು: ಮನುಷ್ಯ ಗಂಡನಿಗೆ ಹೆಸರಿಗೆ ಯೋಗ್ಯವಾದ ಸ್ಥಾನವನ್ನೇ ಕೊಡಲಿಲ್ಲ, ತಾನೊಲಿದವನ ಹೆಸರನ್ನು ಕೂಗಿ ಹೇಳಿದಳು.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುವಿದ್ಯಾರ್ಥಿಗಳು ಗುರುತಿಸಬೇಕು. ಶರಣನು ಸತಿ, ಲಿಂಗವು ಪತಿ ಎಂಬ ಭಾವ ಅಕ್ಕನೊಬ್ಬಳದಲ್ಲ. ಉರಿಲಿಂಗದೇವ, ಗಜೇಶ ಮಸಣಯ್ಯರಂತಹ ಪುರುಷ ವಚನಕಾರರು ಅದನ್ನು ಬಹು ಸೊಗಸಾಗಿ ಹಾಡಿದ್ದಾರೆ. ಅಕ್ಕನದೇ ಶತಮಾನದಲ್ಲಿ ಕ್ಲೇರ್ವೋದ ಸಂತ ಬೆರ್ನಾರ್ಡರು ತಮ್ಮ ಸನ್ಯಾಸಿಗಳಿಗೆ ಪರಮಗೀತೆಯ ಮೇಲೆ 86 ಪ್ರಬೋಧನೆಗಳನ್ನು ನೀಡಿ, ಪುರುಷನ ಆತ್ಮವನ್ನೂ ವಧುವೆಂದೇ ಕರೆದರು. ಗಂಡಸು ವಧುವಾಗುವುದು ಒಂದು ಭಾವ. ಧರಿಸಿಕೊಂಡ ಭಾವವನ್ನು ಸಂಜೆ ಕಳಚಿಡಲೂಬಹುದು. ಅಕ್ಕನಿಗೆ ಆ ಭಾವಕ್ಕಾಗಿ ತವರೂ ಹೋಯಿತು, ಅರಮನೆಯೂ ಹೋಯಿತು, ಕೊನೆಗೆ ಉಟ್ಟ ಬಟ್ಟೆಯೂ ಹೋಯಿತು. ಬೆರ್ನಾರ್ಡರ ವಧುವಿಗೂ ಅಕ್ಕನಿಗೂ ಸಾಮ್ಯವಿದೆ ಎನ್ನುವಾಗ, ಒಬ್ಬರದು ಮಠದ ಆವರಣದೊಳಗಿನ ರೂಪಕ, ಇನ್ನೊಬ್ಬಳದು ಬೀದಿಯಲ್ಲಿ ನಡೆದ ಬದುಕು ಎಂಬುದನ್ನು ಸೇರಿಸಿಯೇ ಹೇಳಬೇಕು.

ಅಕ್ಕನ ಪ್ರಭೆಯಲ್ಲಿ ಮಂಕಾಗಿ ಕಾಣುವ ಇಬ್ಬರು ಶರಣೆಯರು ವಿವಾಹದ ದೈವಶಾಸ್ತ್ರಕ್ಕೆ ಅವಳಿಗಿಂತ ಹತ್ತಿರದವರು ಎಂದು ನನ್ನ ಅಭಿಪ್ರಾಯ. ಮೊದಲನೆಯವಳು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನ ಮಡದಿ. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆ, ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದು ತಿದ್ದಿದವಳು. ಅವಳ ವಚನಗಳಲ್ಲಿ ವಿರಹವಿಲ್ಲ, ಅಲಂಕಾರವಿಲ್ಲ. ಇರುವುದು ಗಂಡನೊಂದಿಗಿನ ವಾದ. ಪ್ರಣಯಕಾವ್ಯದ ಪಟ್ಟಿಯಲ್ಲಿ ಯಾರೂ ಅವಳನ್ನು ಸೇರಿಸುವುದಿಲ್ಲ. ಆದರೆ ಅವಳ ಅಂಕಿತವನ್ನು ನೋಡಿ: ದೇವರನ್ನು ಅವಳು ಕರೆಯುವುದು ‘ಮಾರಯ್ಯಪ್ರಿಯ’ ಎಂಬ ವಿಶೇಷಣದೊಂದಿಗೆ. ಗಂಡನ ಹೆಸರು ದೇವರ ಹೆಸರಿನೊಳಗೆ ಸೇರಿಹೋಗಿದೆ. ಅವನನ್ನು ಗದರಿಸುವ ವಚನದ ಕೊನೆಗೂ ಅದೇ ಅಂಕಿತ ಬರುತ್ತದೆ, ಅಂದರೆ ತಪ್ಪನ್ನು ಎತ್ತಿ ತೋರಿಸುವಾಗಲೇ ಅವನನ್ನು ದೇವರಿಗೆ ಪ್ರಿಯನೆಂದು ಒಪ್ಪುತ್ತಾಳೆ. ದಾಂಪತ್ಯವೊಂದು ಪರಸ್ಪರರ ಪಾವನೀಕರಣದ ದಾರಿ ಎಂದು ನಾವು ವರ್ಷಗಟ್ಟಲೆ ಬೋಧಿಸುವುದನ್ನು ಅವಳು ಒಂದು ಸಮಾಸದಲ್ಲಿ ಹೇಳಿದ್ದಾಳೆ.

ಎರಡನೆಯವಳು ಬಸವಣ್ಣನ ಮಡದಿ ನೀಲಾಂಬಿಕೆ. ಅವಳ ಅಂಕಿತ ‘ಸಂಗಯ್ಯ’. ಆದರೆ ಅವಳ ವಚನಗಳನ್ನು ಗಟ್ಟಿಯಾಗಿ ಓದಿದವರ ಕಿವಿಯಲ್ಲಿ ಉಳಿಯುವ ಹೆಸರು ಅಂಕಿತದ್ದಲ್ಲ, ಬಸವನದು. ಒಂದೊಂದು ವಚನದಲ್ಲಿ ಹಲವು ಬಾರಿ ಅದು ಬರುತ್ತದೆ. ಅಗಲಿದವನನ್ನು ಕರೆಯುತ್ತ ಕರೆಯುತ್ತ ಕರೆಯುವವಳ ರೂಪವೇ ಕರಗಿಹೋಗುತ್ತದೆ. ಕೂಡಲಸಂಗಮದಿಂದ ಕರೆ ಬಂದಾಗ ಅಲ್ಲಿಗೆ ತಲುಪುವ ಮೊದಲೇ, ಕೃಷ್ಣೆಯ ದಡದ ತಂಗಡಗಿಯಲ್ಲಿ ಅವಳು ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಕನ್ನಡದಲ್ಲಿ ಹೆಂಡತಿಯೊಬ್ಬಳು ಗಂಡನ ಹೆಸರನ್ನು ಇಷ್ಟು ನಿರ್ಭಯವಾಗಿ, ಇಷ್ಟು ಬಾರಿ ಉಚ್ಚರಿಸಿದ ಬೇರೆ ಉದಾಹರಣೆ ನನ್ನ ಓದಿಗೆ ದೊರೆತಿಲ್ಲ. ಅಕ್ಕನಲ್ಲಿ ಮನುಷ್ಯ ಪ್ರೇಮವನ್ನು ನಿರಾಕರಿಸಿ ದೈವಪ್ರೇಮ ಬೆಳೆಯುತ್ತದೆ. ನೀಲಮ್ಮನಲ್ಲಿ ಮನುಷ್ಯ ಪ್ರೇಮದ ಮೂಲಕವೇ ಬೆಳೆಯುತ್ತದೆ. ಎರಡನ್ನೂ ಅನುಭಾವವೆಂಬ ಒಂದೇ ಕಪಾಟಿನಲ್ಲಿಡುವುದು ಓದಿನ ಸೋಮಾರಿತನ.

ಗರತಿಯರ ಬೀಸುವ ಪದಗಳಿಗೆ ಬಂದರೆ ಮತ್ತೆ ಹೆಸರು ಮರೆಯಾಗುತ್ತದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ವಿದ್ವಾಂಸರಿಗೆ ಮೊದಲ ಬಾರಿಗೆ ತ್ರಿಪದಿಯ ಆ ನಿಧಿಯ ದರ್ಶನವಾಯಿತು. ಬೀಸುವವರಿಗೆ ಅದು ನಿತ್ಯದ ಬೆಳಗು. ಈ ಹಾಡುಗಳಲ್ಲಿ ಗಂಡ ‘ರಾಯ’. ಒಲಿದರೂ ರಾಯ, ಮುನಿದರೂ ರಾಯ, ಇನ್ನೊಬ್ಬಳ ಮನೆಗೆ ಹೋದರೂ ರಾಯ. ಹಡೆದವ್ವ, ಅಣ್ಣ, ತಮ್ಮ, ತವರಿನ ದಾರಿ, ತೊಟ್ಟಿಲ ಕೂಸು, ಇವುಗಳ ಮೇಲೆ ಸುರಿಯುವ ಮಾತಿನ ಸಿರಿಯ ಪಕ್ಕದಲ್ಲಿ ರಾಯನ ಪಾಲಿಗೆ ಬರುವುದು ಅಳತೆಯ ಮಾತು. ಇದನ್ನು ಪ್ರೇಮದ ಕೊರತೆ ಎಂದು ಓದುವವರಿದ್ದಾರೆ, ಸಂಯಮದ ಸೌಂದರ್ಯ ಎಂದು ಹೊಗಳುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತವಳ ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿದ್ದಾಳೆ. ಕಲ್ಲಿನ ಸದ್ದು ಮಾತನ್ನು ಅರ್ಧ ಮುಚ್ಚುತ್ತದೆ, ಅರ್ಧ ಬಿಟ್ಟುಕೊಡುತ್ತದೆ. ಕೇಳುವವರಾರೆಂದು ತಿಳಿದು ಆಡಿದ ಮಾತು ಅದು. ಇನ್ನೊಂದನ್ನೂ ಮರೆಯಬಾರದು: ಗಂಡನ ಹೆಸರನ್ನು ಮುಚ್ಚಿಟ್ಟ ಈ ಕವಯಿತ್ರಿಯರ ಸ್ವಂತ ಹೆಸರುಗಳೂ ನಮಗೆ ಉಳಿದಿಲ್ಲ.

(ಈ ಸೀಮೆಯವರಿಗೆ ಶ್ರೀಕೃಷ್ಣ ಪಾರಿಜಾತ ನೆನಪಾಗದೆ ಇರದು. ಕುಲಗೋಡ ತಮ್ಮಣ್ಣ ಬೆಳೆಸಿದ ಆ ಆಟದಲ್ಲಿ ಕೌಜಲಗಿ ನಿಂಗಮ್ಮ ಮೆರೆದ ಕಥೆ ಹಿಂದಿನ ಗೋಕಾಕ ತಾಲ್ಲೂಕಿನಲ್ಲಿ ಮನೆಮಾತು. ಪದಗಳು ಗಂಡಸಿನವು, ಕಂಠ ಹೆಣ್ಣಿನದು. ಭಾಮೆಯ ಮುನಿಸು ಅವಳ ಕಂಠದಲ್ಲಿ ಯಾರದಾಯಿತು ಎಂಬ ಪ್ರಶ್ನೆ ಬೇರೆಯೇ ಲೇಖನ ಬೇಡುತ್ತದೆ.)

ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಇಲ್ಲಿ ಬೇಗ ದಾಟಬಹುದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದವಳು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಂಗತ್ಯದಲ್ಲಿ ಬರೆದ ಈ ಕೃತಿಯಲ್ಲಿ ಪತಿ ಒಂದು ಪದವಿ, ವ್ಯಕ್ತಿಯಲ್ಲ. ಹೆಸರಿಗೆ ಅಲ್ಲಿ ಎಡೆಯೇ ಇಲ್ಲ. ಒಲವಿನ ಕಾವ್ಯವಾಗಿ ಅದು ದುರ್ಬಲ. ಆದರೆ ಹೆಣ್ಣುಮಗುವನ್ನು ಕೀಳಾಗಿ ಕಾಣುವ ತಂದೆತಾಯಿಗಳ ಮೇಲೆ ಅವಳ ದನಿ ಏರುವ ಕಡೆ ಉಪದೇಶದ ಹೊದಿಕೆ ಸರಿದು ಕವಯಿತ್ರಿ ಎದ್ದು ನಿಲ್ಲುತ್ತಾಳೆ. ಇನ್ನು ನಮ್ಮ ಕಾಲದಲ್ಲಿ, 1980ರ ದಶಕದಲ್ಲಿ ಹೆಸರು ಮಾಡಿದ ಪ್ರತಿಭಾ ನಂದಕುಮಾರರ ‘ನಾವು ಹುಡುಗಿಯರೇ ಹೀಗೆ’ ಎಂಬ ಕವಿತೆಯ ಹುಡುಗಿ ಶಾಲೆ ಕಾಲೇಜು ಕಲಿತವಳು, ಬಾಯಿ ತುಂಬ ಮಾತನಾಡುವವಳು. ಆದರೂ ಹೇಳಬೇಕಾದ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳುತ್ತಾಳೆ. ಬೀಸುಕಲ್ಲು ಹೋದರೂ ಒಲವನ್ನು ಬಾಯಿಬಿಟ್ಟು ಹೇಳಲಾರದ ತೊಡಕು ಹೋಗಿಲ್ಲ. ನಮ್ಮ ಯುವಜನರ ಶಿಬಿರಗಳಿಗೆ ಬರುವ ಹುಡುಗಿಯರು ಆ ಕವಿತೆಯನ್ನು ಓದದಿದ್ದರೂ ಅದರೊಳಗೆ ಇದ್ದಾರೆ.

ಈಗ ಪವಿತ್ರ ಗ್ರಂಥವನ್ನು ತೆರೆಯೋಣ. ಪರಮಗೀತೆಯ 117 ವಚನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೆಣ್ಣಿನ ಮಾತು. ಮೂರನೆಯ ಅಧ್ಯಾಯದ ಆರಂಭದ ನಾಲ್ಕು ವಚನಗಳಲ್ಲಿ, ರಾತ್ರಿ ಊರಲ್ಲಿ ಅಲೆಯುವ ಆಕೆ, ತನ್ನ ಪ್ರಾಣವು ಯಾರನ್ನು ಪ್ರೀತಿಸುವುದೋ ಅವನು ಎಂಬ ಅರ್ಥದ ನುಡಿಯನ್ನು ನಾಲ್ಕು ಬಾರಿ ಆಡುತ್ತಾಳೆ. ಹೆಸರನ್ನು ಒಮ್ಮೆಯೂ ಆಡುವುದಿಲ್ಲ. ಕಾವಲುಗಾರರಿಗೆ ಇಷ್ಟು ಗುರುತು ಸಾಕೇ ಎಂಬ ಚಿಂತೆಯೂ ಅವಳಿಗಿಲ್ಲ. ಐದನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಕನ್ಯೆಯರು ಅವಳನ್ನು ತಡೆದು, ನಿನ್ನ ನಲ್ಲ ಉಳಿದವರಿಗಿಂತ ಹೇಗೆ ಹೆಚ್ಚು ಎಂದು ಕೇಳುತ್ತಾರೆ. ಅವಳು ಅವನ ತಲೆಯಿಂದ ಪಾದದವರೆಗೆ ಬಣ್ಣಿಸಿ, ಇವನೇ ಅವನು ಎಂದು ಮುಗಿಸುತ್ತಾಳೆ. ನಿಡಸೋಸಿಯ ಯಾವ ಅಜ್ಜಿಗಾದರೂ ಇದನ್ನು ಓದಿ ಹೇಳಿದರೆ ಆಕೆ ನಕ್ಕು, ಇದು ಒಡಪು, ಹೆಸರು ಮಾತ್ರ ಉಳಿಸಿಕೊಂಡಳು ಎಂದಾಳು. ವ್ಯಾಖ್ಯಾನಕಾರರು ಈ ಭಾಗವನ್ನು ದೇಹವರ್ಣನೆಯ ಗೀತವೆಂದು ಪ್ರಾಚೀನ ಪೂರ್ವದೇಶಗಳ ಕಾವ್ಯದೊಂದಿಗೆ ಹೋಲಿಸುವುದುಂಟು. ಹೊಸ್ತಿಲಲ್ಲಿ ಕೇಳುವ ನಾದಿನಿಯರನ್ನೂ ಆ ಹೋಲಿಕೆಗೆ ಸೇರಿಸಿದರೆ ಜೆರುಸಲೇಮಿನ ಕನ್ಯೆಯರು ಅಲಂಕಾರಕ್ಕೆ ನಿಂತ ಮೇಳವಾಗಿ ಉಳಿಯುವುದಿಲ್ಲ, ಮಾತನ್ನು ಹೊರಡಿಸುವವರಾಗುತ್ತಾರೆ. ಅವನ ಹೆಸರು ಚೆಲ್ಲಿದ ಪರಿಮಳದಂತೆ ಎಂದು ಮೊದಲ ಅಧ್ಯಾಯದಲ್ಲೇ ಆಕೆ ಹೇಳಿರುವುದರಿಂದ, ಹೆಸರು ಅವಳಿಗೆ ತಿಳಿಯದುದಲ್ಲ. ಅದನ್ನು ಸವಿಯುತ್ತಾಳೆ, ಬೀದಿಗೆ ಬಿಡುವುದಿಲ್ಲ. ಹೆಸರು ಹೇಳದಿರುವುದು ಒಲವಿನ ಒಡವೆಯೂ ಆಗಿರಬಹುದು ಎಂಬುದಕ್ಕೆ ಪವಿತ್ರ ಗ್ರಂಥವೇ ಸಾಕ್ಷಿ.

ಆದರೆ ಅದೇ ಗ್ರಂಥದಲ್ಲಿ ಪ್ರವಾದಿ ಹೊಶೇಯನ ಎರಡನೆಯ ಅಧ್ಯಾಯವೂ ಇದೆ. ಮುರಿದ ಮದುವೆಯ ನೋವಿನೊಳಗಿಂದ ದೇವರು ಇಸ್ರಯೇಲಿಗೆ ಕೊಡುವ ವಾಗ್ದಾನದಲ್ಲಿ ಸಂಬೋಧನೆಯೇ ಬದಲಾಗುತ್ತದೆ. ಇನ್ನು ಮುಂದೆ ಅವಳು ತನ್ನನ್ನು ‘ಬಾಲೀ’ ಎನ್ನುವುದಿಲ್ಲ, ‘ಈಶೀ’ ಎನ್ನುವಳು. ಹೀಬ್ರೂ ಭಾಷೆಯಲ್ಲಿ ಎರಡೂ ಗಂಡನಿಗೆ ಸಲ್ಲುವ ಮಾತುಗಳೇ. ಮೊದಲನೆಯದರಲ್ಲಿ ಒಡೆಯ, ಯಜಮಾನ ಎಂಬ ಅರ್ಥವೂ ಬಾಳ್ ದೇವತೆಯ ಹೆಸರಿನ ನೆರಳೂ ಇವೆ. ಎರಡನೆಯದು ‘ನನ್ನ ಗಂಡು’, ಆದಿಕಾಂಡದಲ್ಲಿ ಹೆಣ್ಣನ್ನು ಕಂಡು ಉಲ್ಲಾಸಗೊಂಡ ಮನುಷ್ಯನ ಬಾಯಿಂದ ಬಂದ ಮಾತಿನ ಬಂಧು. ಸಾರಾಳು ಅಬ್ರಹಾಮನನ್ನು ಒಡೆಯನೆಂದು ಕರೆದಳೆಂಬ ಪೇತ್ರನ ಮೊದಲ ಪತ್ರದ ಮಾತನ್ನು ಮದುವೆಯ ಪ್ರಬೋಧನೆಗಳಲ್ಲಿ ಧಾರಾಳವಾಗಿ ಕೇಳಿದ್ದೇನೆ. ಹೊಶೇಯನ ಈ ವಚನವನ್ನು ಕೇಳಿದ್ದು ಅಪರೂಪ. ದೇವರೇ ತನ್ನ ವಧುವಿನ ಬಾಯಿಂದ ಯಜಮಾನಿಕೆಯ ಪದವನ್ನು ತೆಗೆದುಹಾಕಲು ಬಯಸಿದರೆ, ಗಂಡನಾದವನಿಗೆ ಆ ಪದದ ಮೇಲೆ ಅಷ್ಟು ಮೋಹವೇಕೆ?

ಮೌನದಲ್ಲಿ ಎರಡು ಬಗೆ ಇದೆ ಎಂದಾಯಿತು: ಸವಿದು ಉಳಿಸಿಕೊಂಡದ್ದು ಒಂದು, ಅಂಜಿ ನುಂಗಿದ್ದು ಒಂದು. ಹೊರಗಿನಿಂದ ಎರಡೂ ಒಂದೇ ಆಗಿ ತೋರುತ್ತವೆ. ನಮ್ಮ ಯಾಜಕ ಪರಂಪರೆಗೆ ಇವುಗಳ ಭೇದ ಯಾವಾಗಲೂ ತಿಳಿದಿರಲಿಲ್ಲ. ಸಂತ ತೆರೇಸಾ ಪರಮಗೀತೆಯ ಕೆಲವು ವಚನಗಳ ಮೇಲೆ ತಮ್ಮ ಸಹೋದರಿಯರಿಗಾಗಿ ಧ್ಯಾನಗಳನ್ನು ಬರೆದರು. ಹೆಣ್ಣೊಬ್ಬಳು ಅಂತಹ ಪುಸ್ತಕದ ಬಗ್ಗೆ ಬರೆಯುವುದು ಸಲ್ಲದೆಂದು ಪಾಪನಿವೇದನೆಯ ಗುರು ದಿಯೇಗೊ ದೆ ಯಾಂಗ್ವಾಸ್ ಅದನ್ನು ಸುಡಲು ಹೇಳಿದರು. ತೆರೇಸಾ ಮರುಮಾತಿಲ್ಲದೆ ಸುಟ್ಟರು. ಸಹೋದರಿಯರ ಬಳಿ ಪ್ರತಿಗಳು ಉಳಿದಿದ್ದವು. ಅವುಗಳಿಂದಾಗಿ 1611ರಲ್ಲಿ ಬ್ರಸೆಲ್ಸ್‌ನಲ್ಲಿ ಗ್ರಾಸಿಯಾನರು ಅದನ್ನು ಮುದ್ರಿಸಿದರು, ತೆರೇಸಾ ತೀರಿಕೊಂಡು 29 ವರ್ಷಗಳ ಮೇಲೆ. ಅವರ ವಿಧೇಯತೆಯನ್ನು ಹೊಗಳುವ ಪ್ರಬೋಧನೆಗಳು ಬಹಳ ಇವೆ. ಬಚ್ಚಿಟ್ಟ ಸಹೋದರಿಯರಿಗೂ ಒಂದಿಷ್ಟು ಕೃತಜ್ಞತೆ ಸಲ್ಲಬೇಕು. 2005ರ ‘ದೇವರು ಪ್ರೀತಿ’ ವಿಶ್ವಪತ್ರದಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು ಪರಮಗೀತೆಯನ್ನು ಮೊದಲಿಗೆ ಗಂಡುಹೆಣ್ಣಿನ ಒಲವಿನ ಹಾಡಾಗಿಯೇ ಗಣಿಸಿ, ಅಲ್ಲಿಂದ ದೈವಪ್ರೇಮಕ್ಕೆ ಏರುವ ದಾರಿಯನ್ನು ತೋರಿಸಿದ್ದಾರೆ. ಆ ಕ್ರಮದಲ್ಲಿ ಓದಿದರೆ ಅಕ್ಕನಿಗಿಂತ ಮೊದಲು ಲಕ್ಕಮ್ಮ, ನೀಲಮ್ಮರ ಸರದಿ ಬರುತ್ತದೆ.

ಈ ಓದಿನ ಫಲವನ್ನು ವಿವಾಹ ವಿಧಿಯಲ್ಲಿ ನೋಡಬೇಕು. ಲತೀನ್ ಧರ್ಮಸಭೆಯ ಬೋಧನೆಯಂತೆ ವಿವಾಹ ಸಂಸ್ಕಾರವನ್ನು ನೆರವೇರಿಸುವವರು ವಧೂವರರೇ. ಮದುವೆಯನ್ನು ಉಂಟುಮಾಡುವುದು ಅವರ ಸಮ್ಮತಿ. ಕಾನೂನು ಸಂಹಿತೆಯ 1104ನೆಯ ವಿಧಿ ಆ ಸಮ್ಮತಿಯನ್ನು ಮಾತಿನಿಂದ ವ್ಯಕ್ತಪಡಿಸಬೇಕೆನ್ನುತ್ತದೆ. ಮಾತು ಬಾರದವರಿಗೆ ಮಾತ್ರ ಸಂಜ್ಞೆ. ವಿಧಿಯ ಮೊದಲ ರೂಪದಲ್ಲಿ ವಧು ತನ್ನ ಹೆಸರನ್ನು ಹೇಳಿ, ವರನ ಹೆಸರನ್ನು ಹೇಳಿ, ಅವನನ್ನು ಪತಿಯಾಗಿ ಸ್ವೀಕರಿಸುತ್ತಾಳೆ. ಪಾಲನಾ ಕಾರಣವಿದ್ದರೆ ಗುರುವೇ ಪ್ರಶ್ನೆ ಕೇಳಿ ‘ಹೌದು’ ಎನಿಸುವ ಎರಡನೆಯ ರೂಪಕ್ಕೂ ಅನುಮತಿಯಿದೆ. ಹಳ್ಳಿಯ ಧರ್ಮಕೇಂದ್ರಗಳಲ್ಲಿ ಎರಡನೆಯದೇ ವಾಡಿಕೆಯಾಗುವುದುಂಟು: ಹುಡುಗಿ ನಾಚುತ್ತಾಳೆ, ಹೊತ್ತಾಗುತ್ತದೆ, ಊಟ ಕಾದಿದೆ. ಅವಳು ತಲೆ ಅಲ್ಲಾಡಿಸಿದರೂ ಸಾಕೆಂದು ಮುಂದೆ ಹೋಗುವುದನ್ನು ನಾನು ನೋಡಿದ್ದೇನೆ. ಅದನ್ನು ನಾಚಿಕೆ ಎಂದು ಕರೆಯುವ ಮುನ್ನ ಇಷ್ಟು ಯೋಚಿಸಬೇಕು: ಗಂಡನ ಹೆಸರನ್ನು ಜೀವಮಾನವೆಲ್ಲ ಹೇಳದಿರುವ ನಾಡಿನಲ್ಲಿ, ದೇವರ ಮತ್ತು ಊರಿನ ಎದುರು ಅದನ್ನು ಸ್ಪಷ್ಟವಾಗಿ ಹೇಳುವ ಹಕ್ಕನ್ನು ಧರ್ಮಸಭೆ ಅವಳಿಗೆ ಕೊಟ್ಟಿದೆ. ನಾದಿನಿಯರಾದರೂ ಆ ಹೆಸರನ್ನು ಕೇಳದೆ ಹೊಸ್ತಿಲು ಬಿಡುವುದಿಲ್ಲ. ಗುರು ಬಿಟ್ಟುಬಿಡುತ್ತಾನೆ.

ಅವಳ ಹೆಸರಿನ ಮಾತೂ ಇದೆ. ಗಡಿಭಾಗದ ಅನೇಕ ಸಮುದಾಯಗಳಲ್ಲಿ ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಹೊಸ ಹೆಸರು ಬರೆದು ವಧುವಿನ ಹಳೆಯ ಹೆಸರನ್ನು ಬದಲಿಸುವ ವಾಡಿಕೆ ಇತ್ತು, ಅಳಿದುಳಿದು ಈಗಲೂ ಇದೆ. ಸಮ್ಮತಿಯ ಮಾತಿನಲ್ಲಿ ವಧು ಹೇಳುವ ‘ನಾನು’ ಎಂಬುದರ ಮುಂದಿನ ಹೆಸರು ಅವಳ ಸ್ನಾನದೀಕ್ಷೆಯದು. ಅದನ್ನು ಬದಲಿಸುವ ಅಧಿಕಾರ ಯಾವ ಮನೆತನಕ್ಕೂ ಇಲ್ಲ. ವರನು ಅದೇ ಹೆಸರಿನಿಂದ ಅವಳನ್ನು ಕರೆಯಬೇಕು.

ಜುಲೈ 22ರಂದು ಮಗ್ದಲದ ಮರಿಯಳ ಹಬ್ಬಕ್ಕೆ ಧರ್ಮಸಭೆ ಪರಮಗೀತೆಯ ಆ ಮೂರನೆಯ ಅಧ್ಯಾಯವನ್ನೇ ವಾಚನವಾಗಿ ಗೊತ್ತುಮಾಡಿದೆ. ಯೊವಾನ್ನನ ಶುಭಸಂದೇಶದಲ್ಲಿ ತೋಟದಲ್ಲಿ ಅಳುತ್ತ ಹುಡುಕುವ ಮರಿಯಳಿಗೆ ಪುನರುತ್ಥಾನರಾದ ಪ್ರಭುವಿನ ಗುರುತು ಸಿಕ್ಕಿದ್ದು ತನ್ನ ಹೆಸರನ್ನು ಅವರ ಬಾಯಿಂದ ಕೇಳಿದಾಗ. ಮರುಮಾತಾಗಿ ಅವಳು ಆಡಿದ್ದು ಹೆಸರಲ್ಲ, ಗುರುವೇ ಎಂಬ ಸಂಬೋಧನೆ. ಬೀಸುವ ಪದದ ಗರತಿ ರಾಯ ಎಂದಂತೆಯೇ. ಆದರೆ ಇಲ್ಲಿ ಮೊದಲು ಹೆಸರು ಹಿಡಿದು ಕರೆದವನು ಅವನು. ವಿವಾಹ ಸಿದ್ಧತೆಯ ದಿನ ವರನಿಗೆ ಈ ಭಾಗವನ್ನು ಓದಲು ಕೊಡಬಹುದು. ಮರುದಿನ ಪೀಠದ ಮುಂದೆ ಮೊದಲು ಅವನು ಅವಳ ಹೆಸರನ್ನು ಸ್ಪಷ್ಟವಾಗಿ ಹೇಳಲಿ; ಅವಳ ಸರದಿ ಬಂದಾಗ ಗುರು ಧ್ವನಿವರ್ಧಕವನ್ನು ಅವಳ ಬಳಿಗೆ ಸರಿಸಿ, ಹೆಸರು ಹೊರಡುವವರೆಗೆ ಕಾಯಲಿ.